ಹರಕೆಯ ಆಟ, ನೆರೆಯವನ ಮುಖ

ಹರಕೆಯ ಆಟವೆಂದರೆ ಏನೆಂದು ಕರಾವಳಿಯ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿನ ಕಾಯಿಲೆ ವಾಸಿಯಾದರೆ, ಹಿಡಿದ ಕೆಲಸ ಕೈಗೂಡಿದರೆ ಒಂದು ಬಯಲಾಟ ಆಡಿಸುತ್ತೇನೆಂದು ದೇವಿಗೆ ಹೇಳಿಕೊಂಡವರು ಕಟೀಲಿನಂಥ ಕ್ಷೇತ್ರದ ಮೇಳಕ್ಕೆ ಹೆಸರು ಬರೆಸಿ, ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ಚೌಕಿಯಲ್ಲಿ ಪೂಜೆಯಾಗುತ್ತದೆ, ಊರು ಬಂದು ಕೂರುತ್ತದೆ. ಟಿಕೆಟ್ಟಿಲ್ಲ. ಆಟ ನೋಡುವವರಿಗಾಗಿ ಇರುವಷ್ಟೇ, ಹರಕೆಯನ್ನು ಕೇಳಿಸಿಕೊಂಡ ದೇವರಿಗಾಗಿಯೂ ಇರುತ್ತದೆ.

ಇಂಥದೇ ಒಂದು ಹರಕೆಯ ಆಟ ದಕ್ಷಿಣ ಜರ್ಮನಿಯ ಬವೇರಿಯ ಪ್ರಾಂತ್ಯದಲ್ಲಿ, ಆಲ್ಪ್ಸ್ ಪರ್ವತಗಳ ತಪ್ಪಲಿನ ಓಬರಮ್ಮರ್ಗಾವ್ ಎಂಬ ಹಳ್ಳಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಶತಮಾನಗಳಿಂದ ನಡೆದುಬಂದಿದೆ. ಮೂವತ್ತು ವರ್ಷಗಳ ಯುದ್ಧ ಯೂರೋಪನ್ನು ಸುಡುತ್ತಿದ್ದ ಕಾಲ. ಸೈನ್ಯಗಳ ಬೆನ್ನಿಗೇ ಪ್ಲೇಗು ಬಂದಿತು. 1633ರಲ್ಲಿ ಅಳಿದುಳಿದ ಊರವರು ಸೇರಿ, ಈ ಮಾರಿ ತೊಲಗಿದರೆ ಹತ್ತು ವರ್ಷಕ್ಕೊಮ್ಮೆ ಯೇಸುಸ್ವಾಮಿಯ ಪಾಡು-ಮರಣಗಳ ನಾಟಕವನ್ನು ಆಡುತ್ತೇವೆಂದು ಮಾತು ಕೊಟ್ಟರು. ಆಮೇಲೆ ಆ ರೋಗಕ್ಕೆ ಊರಿನಲ್ಲಿ ಯಾರೂ ಬಲಿಯಾಗಲಿಲ್ಲವೆಂಬುದು ಅಲ್ಲಿನ ಪರಂಪರೆಯ ಮಾತು. 1634ರಲ್ಲಿ ಮೊದಲ ಆಟ ನಡೆದದ್ದು ದೇವಾಲಯದ ಪಕ್ಕದ ಸ್ಮಶಾನದಲ್ಲಿ, ಪ್ಲೇಗಿಗೆ ಬಲಿಯಾದವರ ಗೋರಿಗಳ ಮೇಲೆ ಹಾಕಿದ ಅಟ್ಟದ ಮೇಲೆ. 1680ರಿಂದ ಪ್ರತಿ ದಶಕದ ಆರಂಭದ ವರ್ಷಕ್ಕೆ ಅದನ್ನು ಹೊಂದಿಸಿಕೊಂಡರು. 1770ರಲ್ಲಿ ಅರಸೊತ್ತಿಗೆಯ ನಿಷೇಧದಿಂದಲೂ 1940ರಲ್ಲಿ ಯುದ್ಧದಿಂದಲೂ ಆಟ ತಪ್ಪಿತು. 2020ರ ಸರದಿ ಕೋವಿಡ್‌ನಿಂದಾಗಿ 2022ಕ್ಕೆ ಹೋಯಿತು. ಮಾರಿ ತೊಲಗಲೆಂದು ಹುಟ್ಟಿದ ಆಟವನ್ನು ಮಾರಿಯೇ ತಡೆದು ನಿಲ್ಲಿಸಿದ್ದನ್ನು ಊರವರು ಹೇಗೆ ತೆಗೆದುಕೊಂಡರೋ!

ನಾನು ಈ ಆಟವನ್ನು ನೋಡಿದ್ದು ಆ 2022ರ ಬೇಸಿಗೆಯಲ್ಲಿ. ಮೇ ತಿಂಗಳ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ನಡೆದ ಪ್ರದರ್ಶನಗಳನ್ನು ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ನಾನು ಅವರಲ್ಲಿ ಒಬ್ಬ. ಬಯಲು ರಂಗವೆಂದರೂ ನಮ್ಮ ಗದ್ದೆಯ ರಂಗಸ್ಥಳದಂತಲ್ಲ. ಪ್ರೇಕ್ಷಕರ ತಲೆಯ ಮೇಲೆ ದೊಡ್ಡ ಕಮಾನುಗಳ ಮಾಡು ಇದೆ; ಸುಮಾರು ನಾಲ್ಕೂವರೆ ಸಾವಿರ ಜನ ಕೂರಬಹುದು. ಆದರೆ ರಂಗ ಮಾತ್ರ ಬರಿಯ ಆಕಾಶದ ಕೆಳಗೆ. ಮಳೆ ಬಂದರೆ ನೆನೆಯುವವರು ನಟರು, ನಾವಲ್ಲ. ರಂಗದ ಹಿಂದೆ ಬೆಟ್ಟದ ಹಸಿರು ಕಾಣುತ್ತದೆ; ಮಾತಿನ ನಡುವೆ ಹಕ್ಕಿಗಳು ಹಾರಿಹೋಗುತ್ತವೆ. ಸುಮಾರು ಐದು ಗಂಟೆಗಳ ನಾಟಕವನ್ನು ಎರಡು ಪಾಲು ಮಾಡಿರುತ್ತಾರೆ: ಮಧ್ಯಾಹ್ನ ಒಂದು, ನಡುವೆ ಊಟಕ್ಕೆಂದು ಮೂರು ಗಂಟೆಗಳ ಬಿಡುವು, ಮತ್ತೆ ರಾತ್ರಿ ಎಂಟಕ್ಕೆ ಇನ್ನೊಂದು. ಹಿಂದೆ ಇಡೀ ಆಟ ಹಗಲಿನಲ್ಲೇ ಮುಗಿಯುತ್ತಿತ್ತು. ಉತ್ತರಾರ್ಧವನ್ನು ಕತ್ತಲೆಗೆ ತರಬೇಕೆಂಬ ನಿರ್ದೇಶಕರ ಆಸೆಗೆ ಊರಿನಲ್ಲಿ ವಿರೋಧ ಬಂದು, 2007ರಲ್ಲಿ ಮತದಾನವನ್ನೇ ನಡೆಸಿದರು, ಕತ್ತಲೆ ಗೆದ್ದಿತು. ಗೆಲ್ಲಬೇಕಾದದ್ದೇ. ಗೆತ್ಸೆಮನೆಯ ಪ್ರಾರ್ಥನೆಯನ್ನು ಬಿಸಿಲಿನಲ್ಲಿ ನೋಡುವುದಕ್ಕೂ, ಬೆಟ್ಟದ ಗಾಳಿ ಕೊರೆಯುವ ಹೊತ್ತಿನಲ್ಲಿ ಕಂಬಳಿ ಹೊದ್ದು ನೋಡುವುದಕ್ಕೂ ಇರುವ ಅಂತರವನ್ನು ರಾತ್ರಿಯ ಆಟ ನೋಡಿದ ನಮ್ಮವರಿಗೆ ಹೇಳಬೇಕೆ? ನಾಟಕದ ಭಾಷೆ ಜರ್ಮನ್. ಕತ್ತಲಾದ ಮೇಲೆ ಸಾಲುಸಾಲಿನಲ್ಲಿ ಚಿಕ್ಕ ಚಿಕ್ಕ ದೀಪಗಳು ಕಾಣಿಸಿಕೊಂಡವು: ದೇಶವಿದೇಶದವರು ಅನುವಾದದ ಪುಸ್ತಕ ಹಿಡಿದು ಸಾಲು ಹುಡುಕುತ್ತಿದ್ದರು. ನಾನು ಅರ್ಧದಲ್ಲೇ ಪುಸ್ತಕ ಮುಚ್ಚಿದೆ. ಕಥೆ ಗೊತ್ತಿರುವವನಿಗೆ ಮುಖ ನೋಡುವುದೇ ಮೇಲು.

ಆ ಮುಖಗಳು ಊರಿನವೇ. ಅಲ್ಲಿ ಹುಟ್ಟಿದವರು, ಇಲ್ಲವೆ 20 ವರ್ಷ ಅಲ್ಲಿ ನೆಲೆಸಿದವರು ಮಾತ್ರ ರಂಗವೇರಬಹುದು. ಐದು ಸಾವಿರ ಚಿಲ್ಲರೆ ಜನಸಂಖ್ಯೆಯ ಹಳ್ಳಿಯಲ್ಲಿ ಎರಡು ಸಾವಿರದಷ್ಟು ಜನ ಒಂದಲ್ಲ ಒಂದು ರೀತಿಯಲ್ಲಿ ಆಟಕ್ಕೆ ಸೇರಿದವರು. ಹಿಂದಿನ ವರ್ಷದ ಬೂದಿ ಬುಧವಾರದಿಂದ ಅವರು ಕೂದಲು ಗಡ್ಡಗಳಿಗೆ ಕತ್ತರಿ ತಾಗಿಸುವುದಿಲ್ಲ. ರೋಮನ್ ಸೈನಿಕರ ಪಾತ್ರಧಾರಿಗಳಿಗೆ ಮಾತ್ರ ವಿನಾಯಿತಿ. ಮದುವೆಯಾದ ಅಥವಾ 35 ದಾಟಿದ ಹೆಂಗಸರಿಗೆ ಪಾತ್ರವಿಲ್ಲವೆಂಬ ಹಳೆಯ ಕಟ್ಟು 1990ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಮುರಿಯಿತು. ಹರಕೆ ಹೊತ್ತವರಲ್ಲಿ ಮುದುಕಿಯರೂ ತಾಯಂದಿರೂ ಇದ್ದಿರಲಿಲ್ಲವೆ ಎಂದು ಕೇಳಲು 350 ವರ್ಷಗಳು ಬೇಕಾದವು.

ಇಷ್ಟರಲ್ಲೇ ನಿಂತರೆ ಇದೊಂದು ಭಕ್ತಿಯ ಪ್ರವಾಸಕಥನವಾದೀತು. ಆದರೆ ಈ ಆಟಕ್ಕೆ ಇನ್ನೊಂದು ಚರಿತ್ರೆಯಿದೆ.

1934ರ ಆಗಸ್ಟ್‌ನಲ್ಲಿ, ಮುನ್ನೂರನೆಯ ವರ್ಷದ ವಿಶೇಷ ಪ್ರದರ್ಶನಕ್ಕೆ ಅಡಾಲ್ಫ್ ಹಿಟ್ಲರ್ ಬಂದು ಕುಳಿತಿದ್ದ. ಅಷ್ಟೇ ಆಗಿದ್ದರೆ, ಅಧಿಕಾರಸ್ಥರು ಎಲ್ಲ ಕಡೆಯೂ ಬಂದು ಕೂರುತ್ತಾರೆಂದು ಬಿಡಬಹುದಿತ್ತು. 1942ರಲ್ಲಿ ತನ್ನ ಆಪ್ತರೊಡನೆ ಮಾತಾಡುವಾಗ ಅವನು ಈ ನಾಟಕವನ್ನು ನೆನೆದು, ಯೆಹೂದ್ಯರ ಅಪಾಯವನ್ನು ಇದರಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲವೆಂಬ ಅರ್ಥದಲ್ಲಿ ಹೊಗಳಿದ. ಇಂಥ ಆಟಗಳು ಮುಂದುವರಿಯಬೇಕೆಂದ. ಯೆಹೂದ್ಯರ ಸಾಮೂಹಿಕ ಸಂಹಾರ ನಡೆಯುತ್ತಿದ್ದ ವರ್ಷ ಅದು. ಓದುಗರೇ, ಯೇಸುಸ್ವಾಮಿಯ ಪಾಡುಗಳನ್ನು ನೋಡಿ ಎದ್ದುಬಂದ ಮನುಷ್ಯನಿಗೆ ಅದರಲ್ಲಿ ಇದು ಕಂಡಿತೆಂದರೆ ತಪ್ಪು ನೋಡಿದವನ ಕಣ್ಣಿನದು ಮಾತ್ರವೆ? ರಂಗದ ಮೇಲೆ ಅವನಿಗೆ ಬೇಕಾದದ್ದು ಇರಲಿಲ್ಲವೆ?

ಇತ್ತು. ಪೂಜ್ಯ ಯೋಸೆಫ್ ಅಲೋಯ್ಸ್ ಡೈಸೆನ್‌ಬರ್ಗರ್ 1860ರ ಸರದಿಗಾಗಿ ತಿದ್ದಿದ ಪಠ್ಯವೇ ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ನಡೆಯಿತು. ಅವರು ಊರಿನ ಸ್ವಾಮಿಗಳು, ಊರವರ ಪ್ರೀತಿಗೆ ಪಾತ್ರರಾದವರು. ದ್ವೇಷಕ್ಕಾಗಿ ಬರೆದವರೆಂದು ಯಾರೂ ಹೇಳಲಾರರು. ಆದರೂ ಆ ರಂಗದಲ್ಲಿ ಯೇಸು ಒಂದು ಕಡೆ, ಯೆಹೂದ್ಯ ಜನಾಂಗ ಇನ್ನೊಂದು ಕಡೆ. ಯಾಜಕರ ತಲೆಯ ಮೇಲೆ ಕೊಂಬಿನಂಥ ಟೊಪ್ಪಿಗೆ. ಯೂದನಿಗೆ ಹಳದಿ ಅಂಗಿ. ಪಿಲಾತ ಮನಸ್ಸಿಲ್ಲದೆ ಶಿಕ್ಷೆ ಕೊಡುವ ಸಜ್ಜನ. ಮತ್ತಾಯನ ಶುಭಸಂದೇಶದ 27ನೆಯ ಅಧ್ಯಾಯದಲ್ಲಿ ಜನರು ಆ ರಕ್ತದ ಹೊಣೆಯನ್ನು ತಮ್ಮ ಮೇಲೂ ತಮ್ಮ ಮಕ್ಕಳ ಮೇಲೂ ಹೊತ್ತುಕೊಳ್ಳುವ ಮಾತನ್ನು ಇಡೀ ಗುಂಪು ಒಂದೇ ಕಂಠದಿಂದ ಕೂಗುತ್ತಿತ್ತು. ನೂರಾರು ಜನ ಒಟ್ಟಾಗಿ ಕೂಗುವ ಮಾತು ಪುಸ್ತಕದಲ್ಲಿ ಓದುವ ಮಾತಲ್ಲ. ಪುಸ್ತಕಕ್ಕೆ ಅಡಿಟಿಪ್ಪಣಿ ಬರೆಯಬಹುದು, ಕೂಗಿಗೆ ಅಡಿಟಿಪ್ಪಣಿಯಿಲ್ಲ.

ಇಲ್ಲಿ ನಮ್ಮ ಬಯಲಾಟದ ಮಾತನ್ನು ಮತ್ತೆ ತರಬೇಕಾಗಿದೆ. ದೇವಿಮಾಹಾತ್ಮ್ಯೆಯ ರಾತ್ರಿ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ. ಜನರ ನಡುವಿನಿಂದ, ದೊಂದಿಯ ಬೆಳಕಿನಲ್ಲಿ, ಆರ್ಭಟಿಸುತ್ತ ಬರುತ್ತಾನೆ. ಮಕ್ಕಳು ಹೆದರಿ ತಾಯಂದಿರ ಮಡಿಲು ಸೇರುತ್ತಾರೆ, ಹಿರಿಯರು ನಿದ್ದೆ ಕೊಡವಿ ಎದ್ದು ಕೂರುತ್ತಾರೆ. ಆ ರಾತ್ರಿಯ ಅತ್ಯಂತ ದೊಡ್ಡ ಸಂಭ್ರಮವೇ ಆ ಖಳನ ಪ್ರವೇಶ. ಬೆಳಗಾಗುವಷ್ಟರಲ್ಲಿ ಅವನು ಸಾಯುತ್ತಾನೆ, ಜನ ಚಾಪೆ ಮಡಚಿ ಮನೆಗೆ ಹೋಗುತ್ತಾರೆ. ಮಹಿಷಾಸುರನ ಮನೆ ಯಾವ ಬೀದಿಯಲ್ಲಿದೆ ಎಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಪಾಡುಗಳ ನಾಟಕದ ಕಷ್ಟ ಇದೇ. ಅದರ ಖಳನಿಗೆ ವಿಳಾಸವಿತ್ತು. ಯೂರೋಪಿನ ಪಟ್ಟಣಗಳಲ್ಲಿ ಅವನು ಪಕ್ಕದ ಬೀದಿಯಲ್ಲೇ ಅಂಗಡಿ ಇಟ್ಟುಕೊಂಡಿದ್ದ. ಮಧ್ಯಯುಗದಿಂದಲೂ ಪವಿತ್ರವಾರವೆಂದರೆ ಆ ಬೀದಿಯ ಜನ ಬಾಗಿಲು ಹಾಕಿಕೊಂಡು ಕೂರುವ ವಾರವಾಗಿತ್ತು.

ಓಬರಮ್ಮರ್ಗಾವ್‌ಗೂ ಒಮ್ಮೆ ಅಸುರರ ದಾರಿ ತೆರೆದಿತ್ತು. 1750ರಲ್ಲಿ ಪಕ್ಕದ ಎಟ್ಟಾಲ್ ಮಠದ ಬೆನೆಡಿಕ್ಟೈನ್ ಸನ್ಯಾಸಿ ಫೆರ್ಡಿನಾಂಡ್ ರೋಸ್ನರ್ ಬರೆದ ಹಳೆಯ ಪದ್ಯನಾಟಕವೊಂದರಲ್ಲಿ ಯೇಸುವಿನ ನಿಜವಾದ ವೈರಿಗಳು ಲೂಸಿಫರ್ ಮತ್ತು ಅವನ ನರಕದ ಪರಿವಾರ. ಅಸೂಯೆ, ದುರಾಸೆಗಳೇ ವೇಷ ತೊಟ್ಟು ಬಂದು ಮನುಷ್ಯರ ಕಿವಿಯಲ್ಲಿ ಊದುತ್ತವೆ. 1977ರಲ್ಲಿ ಊರಿನ ಕೆಲವರು ಪರೀಕ್ಷಾರ್ಥವಾಗಿ ಇದನ್ನು ರಂಗಕ್ಕೆ ತಂದರು. ಊರು ಒಪ್ಪಲಿಲ್ಲ, 1980ಕ್ಕೆ ಹಳೆಯ ಪಠ್ಯವೇ ಮರಳಿತು. ನಮ್ಮ ತೆಂಕುತಿಟ್ಟಿನ ಬಣ್ಣದ ವೇಷಗಳನ್ನು ನೋಡಿ ಬೆಳೆದ ನನಗೆ, ಆ ಬೆಟ್ಟದೂರಿನ ರಾತ್ರಿಯಲ್ಲಿ ಲೂಸಿಫರ್ ದೊಂದಿ ಹಿಡಿದು ಬಂದಿದ್ದರೆ ಹೇಗಿರುತ್ತಿತ್ತೆಂಬ ಕುತೂಹಲ ಈಗಲೂ ಹೋಗಿಲ್ಲ. ಆದರೆ ಯೋಚಿಸಿದರೆ, ಊರವರು ಒಪ್ಪದೆ ಇದ್ದದ್ದರಿಂದ ಹೆಚ್ಚು ಕಷ್ಟದ, ಹೆಚ್ಚು ಪ್ರಾಮಾಣಿಕವಾದ ಕೆಲಸ ಅವರ ಪಾಲಿಗೆ ಬಂದಿತು. ಅಸುರರ ಮೇಲೆ ಹೊರೆ ಹಾಕಿ ಜಾರಿಕೊಳ್ಳುವ ದಾರಿ ಮುಚ್ಚಿದ ಮೇಲೆ ಮನುಷ್ಯರ ಕಥೆಯನ್ನೇ ತಿದ್ದಬೇಕಾಯಿತು.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ 'ನೊಸ್ತ್ರಾ ಎತಾತೆ' ಘೋಷಣೆ, ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ಸ್ಪಷ್ಟಪಡಿಸಿತು. 1970ರ ಆಟ ಹಳೆಯ ಜಾಡಿನಲ್ಲೇ ನಡೆದಾಗ ಯೆಹೂದ್ಯ ಸಂಘಟನೆಗಳು ಬಹಿಷ್ಕಾರ ಹಾಕಿದವು. 1961ರಲ್ಲಿ ಆ ಊರಿನಲ್ಲೇ ಹುಟ್ಟಿದ ಕ್ರಿಸ್ತಿಯಾನ್ ಷ್ಟ್ಯೂಕ್ಲ್ ಎಂಬ ತರುಣ 1990ರ ಆಟದ ನಿರ್ದೇಶಕನಾದ ಮೇಲೆ ತಿದ್ದುಪಡಿ ನಿಜವಾಗಿ ಆರಂಭವಾಯಿತು. 2000ದಲ್ಲಿ ಆ ರಕ್ತದ ಕೂಗು ರಂಗದಿಂದ ಇಳಿಯಿತು. ಷ್ಟ್ಯೂಕ್ಲ್ ಅಲ್ಲಿಗೇ ನಿಲ್ಲಿಸಲಿಲ್ಲ. ನಾನು ನೋಡಿದ ಆಟದಲ್ಲಿ ಯೇಸುವನ್ನು ಶಿಷ್ಯರು ರಬ್ಬಿ ಎನ್ನುತ್ತಾರೆ. ಕಡೆಯ ಭೋಜನದ ಮೇಜಿನ ಮೇಲೆ ಏಳು ಕವಲಿನ ದೀಪಸ್ತಂಭವಿದೆ. ನ್ಯಾಯಸಭೆಯಲ್ಲಿ ನಿಕೊದೇಮನೂ ಅರಿಮತಾಯದ ಜೋಸೆಫನೂ ಎದ್ದು ನಿಂತು ಜಗಳವಾಡುತ್ತಾರೆ. ಪಿಲಾತ ಸಜ್ಜನನಲ್ಲ. ಮೊದಲ ನೋಟದಲ್ಲೇ ಕಾಯಫನನ್ನು ಬೆದರಿಸುವ, ದಂಗೆಯ ಸುಳಿವು ಸಿಕ್ಕರೆ ಊರನ್ನೇ ಸುಡಬಲ್ಲ ಅಧಿಕಾರಿ. ತೀರ್ಪಿನ ಹೊತ್ತಿನಲ್ಲಿ ಗುಂಪು ಒಡೆದಿದೆ. ಶಿಲುಬೆಗೇರಿಸಿರೆಂದು ಕೂಗುವವರ ಎದುರಿನಲ್ಲೇ, ಬಿಟ್ಟುಬಿಡಿರೆಂದು ಕೂಗುವವರೂ ಇದ್ದಾರೆ. ಎರಡು ಕೂಗುಗಳು ಒಂದನ್ನೊಂದು ನುಂಗುವ ಆ ಕೆಲವು ನಿಮಿಷಗಳಲ್ಲಿ ಯೆಹೂದ್ಯರು ಎಂಬ ಒಂದೇ ಮುಖದ ಪ್ರಾಣಿ ಮಾಯವಾಗಿ, ಭಯಪಟ್ಟ, ಸಿಟ್ಟಾದ, ಅಳುವ, ಹಟ ಹಿಡಿದ ನೂರಾರು ಮನುಷ್ಯರು ಉಳಿಯುತ್ತಾರೆ.

ಒಂದು ದೃಶ್ಯದಲ್ಲಿ ಯೇಸು ಧರ್ಮಶಾಸ್ತ್ರದ ಸುರುಳಿಯನ್ನು ಎರಡೂ ಕೈಗಳಿಂದ ಮೇಲೆತ್ತುತ್ತಾರೆ. ರಂಗದ ತುಂಬ ನೆರೆದ ಜನ, ಮಕ್ಕಳು ಮುದುಕರೆನ್ನದೆ, ಹೀಬ್ರೂ ಭಾಷೆಯಲ್ಲಿ ಇಸ್ರಯೇಲರ ನಿತ್ಯಪ್ರಾರ್ಥನೆಯನ್ನು ಹಾಡುತ್ತಾರೆ. ಹಿಟ್ಲರ್ ಕುಳಿತು ನೋಡಿದ ಅದೇ ರಂಗದಲ್ಲಿ, ಅಂದು ಇದ್ದವರ ಮೊಮ್ಮಕ್ಕಳ ಬಾಯಲ್ಲಿ ಆ ಭಾಷೆ. ನನ್ನ ಪಕ್ಕದ ಸಾಲಿನಲ್ಲಿ ಯಾರೂ ಅಲುಗಲಿಲ್ಲ.

ಯೂದನ ಮಾತನ್ನು ಬೇರೆಯಾಗಿ ಹೇಳಬೇಕು. 2022ರಲ್ಲಿ ಮುಖ್ಯ ಪಾತ್ರಗಳಿಗೆ ವಾಡಿಕೆಯಂತೆ ಇಬ್ಬಿಬ್ಬರು ನಟರು. ಯೂದನ ಪಾತ್ರವನ್ನು ಹಂಚಿಕೊಂಡವರಲ್ಲಿ ಒಬ್ಬ ಚೆಂಗಿಜ್ ಗೊರುರ್ ಎಂಬ ತುರ್ಕಿ ಮೂಲದ ಮುಸ್ಲಿಂ ಯುವಕ. ಇಷ್ಟು ದೊಡ್ಡ ಪಾತ್ರಕ್ಕೆ ಬಂದ ಮೊದಲ ಮುಸ್ಲಿಮ. ಸಹಾಯಕ ನಿರ್ದೇಶಕ ಅಬ್ದುಲ್ಲಾ ಕರಾಜಾ ಕೂಡ ಮುಸ್ಲಿಮರೇ. ಅನ್ಯಧರ್ಮದವನಿಗೆ ಕೊಟ್ಟದ್ದು ದ್ರೋಹಿಯ ಪಾತ್ರವನ್ನೇ ಎಂದು ಕೇಳಿ ಹುಬ್ಬುಗಂಟಿಕ್ಕಿದವರಿದ್ದಾರೆ. ನೋಡಿದವರಿಗೆ ಆ ಸಂಶಯ ಉಳಿಯುವುದಿಲ್ಲ. ಈ ಆಟದಲ್ಲಿ ಯೂದನೇ ಅತ್ಯಂತ ಜೀವಂತ ಮನುಷ್ಯ. ರೋಮಿನ ದಬ್ಬಾಳಿಕೆಯಿಂದ ಬೆಂದವನು, ಗುರು ಒಂದು ದಿನ ಎದ್ದು ನಿಲ್ಲುತ್ತಾರೆಂದು ಕಾದವನು, ಕಾಯಫನೊಡನೆ ಮುಖಾಮುಖಿ ಮಾತಾಡಿಸಿದರೆ ದಾರಿ ತೆರೆದೀತೆಂದು ನಂಬಿದವನು. ತಾನು ಮೋಸಹೋದೆನೆಂದು ತಿಳಿದಾಗ ಬೆಳ್ಳಿಯ ನಾಣ್ಯಗಳನ್ನು ಎಸೆದು, ತನ್ನ ಗುರುವನ್ನು ಬಿಡಿರೆಂದು ಅಂಗಲಾಚುತ್ತಾನೆ. ದುಡ್ಡಿನಾಸೆಯ ಹಳದಿ ಅಂಗಿಯ ಯೂದ ನಮ್ಮನ್ನು ನಿಶ್ಚಿಂತೆಯಿಂದ ಇರಗೊಡುತ್ತಿದ್ದ, ಏಕೆಂದರೆ ಅವನು ನಾವಲ್ಲ. ಈ ಯೂದ ಹಾಗೆ ಇರಗೊಡುವುದಿಲ್ಲ.

ಎಲ್ಲವೂ ಮೆಚ್ಚುವಂತಿದೆ ಎಂದಲ್ಲ. ಪೂರ್ವಾರ್ಧದಲ್ಲಿ ಗದ್ದಲ ಅತಿಯಾಯಿತು. ಎಲ್ಲರೂ ಕೂಗುತ್ತಾರೆ, ಯೇಸುವೂ ಕೂಗುತ್ತಾರೆ. ಬಡವರ ಪರವಾಗಿ, ಅನ್ಯಾಯದ ವಿರುದ್ಧ ಸಿಡಿಯುವ ಈ ಯೇಸು ಪಟದಲ್ಲಿನ ಮೆತ್ತನೆಯ ಯೇಸುವಿಗಿಂತ ಶುಭಸಂದೇಶಕ್ಕೆ ಹತ್ತಿರದವರೆಂಬುದು ನಿಜ. ಆದರೆ ವಾದಿಸುವವರ ನಡುವೆ ಅವರೂ ಒಬ್ಬ ವಾದಿಯಾಗಿಬಿಟ್ಟರೆ, ಜನ ಬಲೆಗಳನ್ನು ಬಿಟ್ಟು ಅವರ ಹಿಂದೆ ಏಕೆ ಹೋದರೆಂಬುದು ತಿಳಿಯುವುದಿಲ್ಲ. ಉತ್ತರಾರ್ಧದಲ್ಲಿ ಪಿಲಾತನ ಮುಂದೆ ಅವರು ಮೌನವಾದಾಗ ಮಾತ್ರ ಆ ಶಕ್ತಿ ನನಗೆ ಕಂಡಿತು. ಇನ್ನು, ದೃಶ್ಯಗಳ ನಡುವೆ ಹಳೆಯ ಒಡಂಬಡಿಕೆಯ ಪ್ರಸಂಗಗಳ ಸ್ತಬ್ಧಚಿತ್ರಗಳು ಬರುತ್ತವೆ: ತಮ್ಮನನ್ನು ಕೊಂದ ಕಾಯಿನನ ಹತಾಶೆ, ಮೋಶೆ, ಕೆಂಪು ಸಮುದ್ರ. ರೋಖುಸ್ ಡೆಡ್ಲರ್ ಇನ್ನೂರು ವರ್ಷಗಳ ಹಿಂದೆ ಕಟ್ಟಿದ ಸಂಗೀತದೊಡನೆ, ಜೀವಂತ ಮನುಷ್ಯರು ಉಸಿರು ಬಿಗಿಹಿಡಿದು ನಿಲ್ಲುವ ಆ ಚಿತ್ರಗಳು ಕಣ್ಣಿಗೆ ಹಬ್ಬವೇ. ಆದರೆ ಅಲ್ಲಿ ಹಳೆಯ ಕಥೆ ಹೊಸ ಕಥೆಗೆ ನೆರಳು ಮಾತ್ರ. ಯೆಹೂದ್ಯರಿಗೆ ಅದು ನೆರಳಲ್ಲ, ಅವರ ಬೆಳಕು. ಸಂಭಾಷಣೆಯನ್ನು ಇಷ್ಟು ಎಚ್ಚರದಿಂದ ತಿದ್ದಿದ ಕೈ ಈ ಏರ್ಪಾಡನ್ನು ಮುಟ್ಟಲು ಹಿಂಜರಿದಂತಿದೆ. ಹೆಂಗಸರ ಪಾತ್ರಗಳೂ ತೆಳು. ಮಾತೆ ಮರಿಯಳಿಗೂ ಮಗ್ದಲದ ಮರಿಯಳಿಗೂ ಅಳುವುದಕ್ಕಿಂತ ಹೆಚ್ಚಿನ ಕೆಲಸ ಸಿಕ್ಕುವಾಗ ಆಟ ಮುಗಿಯುತ್ತ ಬಂದಿರುತ್ತದೆ.

ಶುಭಸಂದೇಶದಲ್ಲಿರುವ ಮಾತನ್ನು ತೆಗೆದುಹಾಕಲು ನಾಟಕಕಾರ ಯಾರು ಎಂಬ ಪ್ರಶ್ನೆ ನಿಮ್ಮಲ್ಲಿ ಏಳಬಹುದು. ಆ ಊರಿನ ಹಿರಿಯರಲ್ಲೂ ಎದ್ದಿತ್ತು. ಹರಕೆ ಮುರಿಯಿತೆಂದೇ ಅಂದವರಿದ್ದರು. ನನಗೆ ತೋರುವುದಿಷ್ಟು. ನಾಲ್ಕು ಶುಭಸಂದೇಶಗಳನ್ನು ಕೂಡಿಸಿ ಒಂದು ಕಥೆ ಮಾಡುವಾಗ ಯಾವ ನಾಟಕವೂ ಆರಿಸಿಯೇ ಆರಿಸುತ್ತದೆ. ಆ ಕೂಗು ಮತ್ತಾಯನಲ್ಲಿ ಮಾತ್ರ ಇದೆ; ಉಳಿದ ಮೂವರಲ್ಲಿಲ್ಲ. ಅದನ್ನು ಆರಿಸಿಕೊಂಡು ನೂರು ಕಂಠಗಳಿಗೆ ಹಂಚಿದ್ದು ಹೇಗೆ ಮನುಷ್ಯರ ನಿರ್ಧಾರವೋ ಬಿಟ್ಟದ್ದೂ ಹಾಗೆಯೇ. ಗರಿಗಳ ಭಾನುವಾರ ನಮ್ಮ ದೇವಾಲಯಗಳಲ್ಲಿ ಪಾಡುಗಳ ವಾಚನವಾಗುವಾಗ ಗುಂಪಿನ ಮಾತುಗಳನ್ನು ಹೇಳುವವರು ಯಾರು? ಪೀಠಗಳಲ್ಲಿ ನಿಂತ ನಾವೇ. ಶ್ರೀಸಭೆ ಆ ಕೂಗನ್ನು ನಮ್ಮ ಬಾಯಿಗೆ ಕೊಟ್ಟಿದೆ, ಬೇರೊಬ್ಬರ ಬಾಯಿಗಲ್ಲ.

ಇದನ್ನೆಲ್ಲ ಬರೆಯಲು ಕಾರಣ ಬವೇರಿಯವಲ್ಲ. ತಪಸ್ಸು ಕಾಲದ ಕೊನೆಯಲ್ಲಿ ನಮ್ಮ ಎಷ್ಟೋ ಧರ್ಮಕೇಂದ್ರಗಳ ಮೈದಾನಗಳಲ್ಲಿ ಪಾಡುಗಳ ನಾಟಕ ನಡೆಯುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಯುವಕರು, ಬಾಡಿಗೆಯ ಕಿರೀಟ ಕತ್ತಿಗಳು, ಮೊದಲೇ ಧ್ವನಿಮುದ್ರಿಸಿದ ಸಂಭಾಷಣೆಗೆ ತುಟಿ ಆಡಿಸುವ ಪಾತ್ರಗಳು, ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತ ಮಕ್ಕಳು. ಅವುಗಳ ಶ್ರಮವನ್ನೂ ಭಕ್ತಿಯನ್ನೂ ಬಲ್ಲೆ. ಊರಿನ ಅನ್ಯಮತೀಯರೂ ಬಂದು ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ. ಆದರೆ ಅಲ್ಲಿ ಕಾಯಫ ಇನ್ನೂ ಕಪ್ಪು ಗಡ್ಡ ನೀವುತ್ತ ಅಟ್ಟಹಾಸ ಮಾಡುತ್ತಾನೆ, ಪಿಲಾತ ಇನ್ನೂ ನಿಟ್ಟುಸಿರಿಟ್ಟು ಕೈ ತೊಳೆಯುತ್ತಾನೆ. ಆ ರಕ್ತದ ಕೂಗಿಗೆ ನಗಾರಿಯ ಹಿನ್ನೆಲೆ ಬೇರೆ. 2004ರಲ್ಲಿ ಮೆಲ್ ಗಿಬ್ಸನ್ನರ ಚಲನಚಿತ್ರ ಬಂದ ಮೇಲೆ ಚಾಟಿಯೇಟಿನ ದೃಶ್ಯವೂ ಉದ್ದವಾಗಿದೆ.

ನಮ್ಮೂರಿನಲ್ಲಿ ಯೆಹೂದ್ಯರು ಎಲ್ಲಿದ್ದಾರೆ, ಇದರಿಂದ ಯಾರಿಗೆ ನೋವು ಎಂದು ನಾಟಕದ ತಂಡದ ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಇಲ್ಲ, ನಿಜ. ಮುಂದಿನ ಸಾಲಿನ ಮಗು ಬಹುಶಃ ತನ್ನ ಜೀವಮಾನದಲ್ಲಿ ಒಬ್ಬ ಯೆಹೂದ್ಯನನ್ನೂ ಕಾಣದೆ ಇರಬಹುದು. ಆದರೆ ಇಡೀ ಒಂದು ಜನಾಂಗಕ್ಕೆ ಒಂದೇ ಮುಖ, ಒಂದೇ ಕೂಗು, ತಂದೆಯ ತಪ್ಪಿಗೆ ಮಕ್ಕಳು ಮೊಮ್ಮಕ್ಕಳೂ ಹೊಣೆ ಎಂಬ ಲೆಕ್ಕವನ್ನು ಆ ಮಗು ಅಂದು ರಾತ್ರಿ, ಅದೂ ದೇವರ ಹೆಸರಿನಲ್ಲಿ, ಕಲಿಯುತ್ತದೆ. ಆ ಲೆಕ್ಕವನ್ನು ಬೇರೆ ಯಾವ ಹೆಸರಿಗೂ ಹಚ್ಚಬಹುದು. ನಮ್ಮ ಹೆಸರಿಗೂ ಹಚ್ಚುವವರಿದ್ದಾರೆಂಬುದನ್ನು ಈ ನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಬೇರೆಯವರು ಬಂದು ಹೇಳಬೇಕೆ?

ಕೆಲಸ ದೊಡ್ಡದಲ್ಲ. ಸಂಭಾಷಣೆಯ ಆ ಹಳೆಯ ನೋಟುಪುಸ್ತಕವನ್ನು ಹೊರತೆಗೆದು, ಗುಂಪಿನ ಮಾತುಗಳನ್ನು ಎರಡು ಪಾಲು ಮಾಡಬಹುದು. ನಿಕೊದೇಮನಿಗೆ ನಾಲ್ಕು ಸಾಲು ಬರೆಯಬಹುದು. ಅವನು ಯೇಸುವಿನ ಪರವಾಗಿ ಮಾತಾಡಿದ್ದು ಯೊವಾನ್ನನ ಶುಭಸಂದೇಶದಲ್ಲೇ ಇದೆ. ಜೆರುಸಲೇಮಿನ ಹೆಂಗಸರು ದಾರಿಯಲ್ಲಿ ಎದೆ ಬಡಿದುಕೊಂಡು ಅತ್ತದ್ದು ಲೂಕನಲ್ಲಿದೆ, ಅವರೂ ಯೆಹೂದ್ಯರೇ. ಮುದ್ರಣ ಮತ್ತೆ ಮಾಡಿಸುವ ಖರ್ಚು ಮಾತ್ರ ಬರುತ್ತದೆ.

ಓಬರಮ್ಮರ್ಗಾವ್‌ನಲ್ಲಿ ಆಟ ಮುಗಿದ ಮೇಲೆ ನಟರು ಸಾಲಾಗಿ ಬಂದು ಕೈಮುಗಿಯುವ ಪದ್ಧತಿಯಿಲ್ಲ. ದೀಪ ಇಳಿಯುತ್ತದೆ, ರಂಗ ಬರಿದಾಗುತ್ತದೆ. ಹತ್ತೂವರೆ ದಾಟಿತ್ತು. ಕಂಬಳಿ ಮಡಚಿಕೊಂಡು ಬಸ್ಸಿನ ಕಡೆ ನಡೆಯುವ ನಮ್ಮ ಪಕ್ಕದಲ್ಲೇ, ಕೆಲವೇ ನಿಮಿಷಗಳ ಹಿಂದೆ ರಂಗದಲ್ಲಿ ಕೂಗಿದ್ದ ಉದ್ದಗಡ್ಡದ ಗಂಡಸರು ಸೈಕಲ್ ಹತ್ತಿ ಮನೆಗೆ ಹೊರಟಿದ್ದರು. ಅವರಲ್ಲಿ ಬಿಡಿರೆಂದವರು ಯಾರು, ಶಿಲುಬೆಗೇರಿಸಿರೆಂದವರು ಯಾರು ಎಂದು ಗುರುತಿಸಲಾಗಲಿಲ್ಲ. ಅವರ ಮುಂದಿನ ಸರದಿ 2030ಕ್ಕೆ. ನಮ್ಮ ಮುಂದಿನ ಪವಿತ್ರ ಶುಕ್ರವಾರಕ್ಕೆ ಅಷ್ಟು ವರ್ಷಗಳಿಲ್ಲ.